ಕಂಡುಹಿಡಿದವರ ಹೆಸರು

ಸಂಶಿ ಊರಿನ ಮಡಿವಾಳೆಪ್ಪನಿಗೆ ಮನುಷ್ಯರ ಮೇಲೆ ನಂಬಿಕೆ ಇರಲಿಲ್ಲ. ಇದ್ದಬದ್ದ ನಂಬಿಕೆಯನ್ನೆಲ್ಲ ಒಂದು ತಾಡಪತ್ರಿಯ ಮೇಲೆ ಇಟ್ಟಿದ್ದ. ಆ ದಪ್ಪ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಅವನ ಯಂತ್ರ ಇತ್ತು. ಅಂಚೆಯವನು ಶೆಡ್ಡಿನೊಳಗೆ ಇಣುಕಿದರೆ ಸಂಶಯ, ಹೆಂಡತಿಯ ತಮ್ಮ ಮೊಬೈಲ್ ಎತ್ತಿದರೆ ಸಂಶಯ, ಎದುರುಮನೆಯ ಎಮ್ಮೆ ಈ ಕಡೆ ಮುಖ ಮಾಡಿ ನಿಂತರೆ ಅದರ ಮಾಲೀಕನ ಮೇಲೆ ಸಂಶಯ. ನಗಬೇಡಿ. ಐದು ವರ್ಷ ವೆಲ್ಡಿಂಗಿನ ಹೊಗೆ ಕುಡಿದು, ಕಣ್ಣು ಕೆಂಪು ಮಾಡಿಕೊಂಡು ಒಂದು ಸಾಮಾನು ಮಾಡಿದವನಿಗೆ ಅದು ಕೈಬಿಟ್ಟು ಹೋದೀತು ಎಂಬ ಅಂಜಿಕೆ ಇರುವುದು ತಪ್ಪೇನಲ್ಲ. ತಪ್ಪು ಬೇರೆ ಕಡೆ ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಒಣಮೆಣಸಿನಕಾಯಿಯ ತೊಟ್ಟು ತೆಗೆಯುವ ಯಂತ್ರ ಅದು. ಈ ಸೀಮೆಯ ಹೆಣ್ಣುಮಕ್ಕಳ ಬೆರಳು ನೋಡಿದವರಿಗೆ ಈ ಕೆಲಸ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಮಾರ್ಚ್ ಬಿಸಿಲಿಗೆ ಕಾಯಿ ಹಪ್ಪಳದ ಹಾಗೆ ಆಗಿಬಿಡುತ್ತದೆ. ತೊಟ್ಟು ಎಳೆದರೆ ಕಾಯಿಯೇ ಒಡೆದು ಬೀಜವೆಲ್ಲ ಚೆಲ್ಲುತ್ತದೆ. ತನ್ನ ಅಂಗಳದಲ್ಲಿ ಹೆಣ್ಣಾಳುಗಳಿಂದ ತೊಟ್ಟು ತೆಗೆಸುತ್ತಿದ್ದ ಮಡಿವಾಳೆಪ್ಪನ ಯಂತ್ರದಲ್ಲಿ ಕಾಯಿ ಮೊದಲು ಒಂದು ಪೆಟ್ಟಿಗೆಯೊಳಗೆ ಒದ್ದೆ ಗೋಣಿತಟ್ಟಿನ ಕೆಳಗೆ ಹಾಯುತ್ತದೆ. ಅಲ್ಲಿ ತಂಪು ತಾಗಿ, ಬಾಗುವಷ್ಟು ಮೆತ್ತಗಾಗುತ್ತದೆ. ಆಮೇಲೆ ರಬ್ಬರಿನ ಬೆರಳುಗಳಿರುವ ಡ್ರಮ್ಮು ತೊಟ್ಟನ್ನು ಅದರ ಬುಡದ ಟೋಪಿ ಸಮೇತ ಕಿತ್ತು ಹಾಕುತ್ತದೆ. ಕೊನೆಗೆ ಬಿಸಿಗಾಳಿ ಬಡಿದು ಕಾಯಿ ಮತ್ತೆ ಗಲಗಲ ಒಣಗುತ್ತದೆ. ಯಾರೂ ಪೂರ್ತಿ ನೋಡಬಾರದೆಂದು ಅವನು ಡ್ರಮ್ಮನ್ನು ಹುಬ್ಬಳ್ಳಿಯಲ್ಲಿ, ಪೆಟ್ಟಿಗೆಯನ್ನು ಅಣ್ಣಿಗೇರಿಯಲ್ಲಿ, ಗಾಳಿಯ ಫ್ಯಾನನ್ನು ನವಲಗುಂದದಲ್ಲಿ ಮಾಡಿಸಿ ತಂದು, ಬಾಗಿಲು ಹಾಕಿಕೊಂಡು ಒಬ್ಬನೇ ಜೋಡಿಸಿದ್ದ.

ಆ ಜೋಡಣೆಗೇ ಈಗ ಕುತ್ತು ಬಂದಿತ್ತು. ಮೂರು ವರ್ಷದ ಹಿಂದೆ ಪೇಟೆಂಟಿಗೆ ಅರ್ಜಿ ಹಾಕಿದ್ದ. ಅದು ಸಿಕ್ಕರೆ ಅವನ ಒಪ್ಪಿಗೆ ಇಲ್ಲದೆ ಈ ಯಂತ್ರವನ್ನು ಇನ್ನೊಬ್ಬ ಮಾಡುವಂತಿಲ್ಲ. ಸಿಗದಿದ್ದರೆ ನಾಳೆಯೇ ಯಾವನಾದರೂ ದೊಡ್ಡ ಕಾರ್ಖಾನೆಯವನು ಇಂಥವೇ ನೂರು ಮಾಡಿ ನಿಲ್ಲಿಸಿಯಾನು. ಹುಬ್ಬಳ್ಳಿಯಲ್ಲಿ ಇಂಥ ಅರ್ಜಿಗಳನ್ನು ನೋಡಿಕೊಳ್ಳುವ ಹೇಮಂತ ಅವನನ್ನು ಕರೆಸಿ, ಚೆನ್ನೈ ಕಚೇರಿಯಿಂದ ಬಂದ ಪತ್ರ ಮುಂದಿಟ್ಟ.

"ಕಾಕಾ, ಅವ್ರ ತಕರಾರು ಇಷ್ಟ. ರಬ್ಬರ್ ಬೆರಳಿನ ಡ್ರಮ್ಮು ಹೊಸಾದಲ್ಲ, ಶೇಂಗಾ ಬಿಡಸಾಕ ಹಿಂದನ ಒಬ್ರು ಮಾಡ್ಯಾರ. ಒದ್ದಿ ಗೋಣಿ ಪೆಟಿಗೀನೂ ಹೊಸಾದಲ್ಲ, ಬೀಡಿ ಎಲಿ ಮೆತ್ತಗ ಮಾಡಾಕ ಇನ್ನೊಬ್ರು ಮಾಡ್ಯಾರ. ಎರಡು ಹಳೇವು ತಗೊಂಡು ಜೋಡಸೂದು ಈ ಕಸಬು ಬಲ್ಲ ಯಾರಿಗಾದ್ರೂ ಸಹಜ ಹೊಳಿಯೂವಂಥಾದ್ದು, ಸಹಜ ಹೊಳಿಯೂದಕ್ಕ ಪೇಟೆಂಟ್ ಇಲ್ಲ ಅಂತಾರ."

ಇಷ್ಟೆಲ್ಲ ಮಾತಿನಲ್ಲಿ ಮಡಿವಾಳೆಪ್ಪನ ಕಿವಿಗೆ ಬಿದ್ದದ್ದು ಒಂದೇ. ಬೀಡಿ ಎಲೆ!

"ಯಾರ ಹೇಳಿದ್ರು ಅವ್ರಿಗೆ?"

"ಯಾರೂ ಹೇಳಿಲ್ರಿ. ಹಳೇ ಕಾಗದಾ ಹುಡುಕತಾರ. ಆ ಬೀಡಿ ಎಲಿ ಪೆಟಿಗಿ ಹದಿನೈದು ವರ್ಷದ ಹಿಂದಿಂದು, ಮಧ್ಯಪ್ರದೇಶದ ಯಾರದೋ."

"ಹದಿನೈದು ವರ್ಷದ ಹಿಂದಿಂದು ಇವತ್ತ ಹೆಂಗ ನೆನಪಾತು? ಮೆಣಸಿನಕಾಯಿ ಮಶೀನಕ್ಕೂ ಬೀಡಿ ಎಲಿಗೂ ಏನ ಸಂಬಂಧ? ಯಾರೋ ಕಿವಿ ಊದ್ಯಾರ, ತಮ್ಮಾ. ನನಗ ಬರೋಬ್ಬರಿ ಗೊತ್ತಾತು."

ಹೇಮಂತನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಆದರೂ ತಾಳ್ಮೆಯಿಂದ ಹೇಳಿದ: "ಕೇಳ್ರಿ ಇಲ್ಲೆ. ಹಳೇ ಸಾಮಾನು ಜೋಡಿಸೂದು ತಪ್ಪಲ್ಲ. ಪ್ರಶ್ನೆ ಏನಂದ್ರ, ಈ ಕಸಬಿನಾಂವ ಅವೆರಡೂ ಮುಂದ ಇಟ್ಕೊಂಡು ಕುಂತ್ರ, ಜೋಡಸಾಕ ಕೈ ಹಾಕತಿದ್ನೋ, ಹಿಂದ ತಗೀತಿದ್ನೋ?"

"ಹಿಂದ ತಗೀತಿದ್ದ! ಒಣಾ ಮೆಣಸಿನಕಾಯಿಗೆ ನೀರು ಅಂದ್ರ ಕಳವಪಾ. ತೂಕ ಬರಲೆಂತ ನೀರ ಹೊಡದಾವನ್ನ ಪ್ಯಾಟ್ಯಾಗ ಮಂದಿ ಉಗೀತಾರ. ಕಾಯಿ ಬೂಷ್ಟ ಹಿಡೀತಾವ, ಬಣ್ಣಾ ಹೋಗತೈತಿ. ಖರೆ ಹೇಳತೇನಿ, ನಮ್ಮ ಕಡಿ ಒಬ್ಬ ಮನಷ್ಯಾ ಕಾಯಿಗೆ ನೀರ ಮುಟ್ಟಸೂದಿಲ್ಲ."

ಹೇಮಂತ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. "ಇದ ನೋಡ್ರಿ ನಮಗ ಬೇಕಾದ ಉತ್ತರ! ಕಸಬಿನಾವ್ರೆಲ್ಲಾ ಬ್ಯಾಡ ಅನ್ನೂದನ್ನ ನೀವ ಮಾಡೀರಿ ಅಂದ್ರ ಅದು ಸಹಜ ಹೊಳಿಯೂವಂಥಾದ್ದಲ್ಲ. ಹನ್ನೆರಡು ದಿನಕ್ಕ ವಿಚಾರಣೆ ಐತಿ, ಅಲ್ಲಿ ಇದನ್ನ ಹೇಳೂಣು." ಕೂತ, ಪೆನ್ನು ತೆಗೆದ. "ಹಂಗಿದ್ರ ನಿಮಗ ಹೆಂಗ ಹೊಳೀತ್ರಿ ಕಾಕಾ? ಅದನ್ನ ಕೇಳೇ ಕೇಳತಾರ."

"ಒಂದಿನ ಗೋಣಿತಟ್ಟು ಒದ್ದಿ ಆಗಿತ್ತು."

"ಯಾರ ಒದ್ದಿ ಮಾಡಿದ್ರು?"

"ಆಗಿತ್ತಪಾ. ಹಂಗ ಆಗಿತ್ತು."

ಪೆನ್ನು ಅಲ್ಲೇ ನಿಂತಿತು. ಸಂಶಯ ಅಂಟುಜಾಡ್ಯ, ಈಗ ಹೇಮಂತನಿಗೂ ಹತ್ತಿತು. "ಅರ್ಜಿಯೊಳಗ ಕಂಡುಹಿಡಿದವರು ಅನ್ನೂ ಜಾಗಾದಾಗ ನಿಮ್ಮ ಹೆಸರೊಂದ ಐತ್ರಿ" ಎಂದ ಮೆಲ್ಲಗೆ.

"ನಾನ ಕಂಡುಹಿಡದೇನಿ, ಮತ್ತ ಯಾರ ಹೆಸರ ಇರತೈತಿ?" ಮಡಿವಾಳೆಪ್ಪ ಸಿಡುಕಿದ.

ಮನೆಗೆ ಬಂದವನೇ ಅಂಗಿ ಕಳಚುವ ಮೊದಲೇ ಹೆಂಡತಿ ನಂದಾಳ ಮುಂದೆ ಎಲ್ಲ ಒದರಿದ. ಅವಳು ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಬೀಡಿ ಎಲಿ ಅಂದ್ರ ಶರೀಫಾಬಿ" ಅಂದಳು.

"ಹಾಂ! ನೋಡು, ನಿನಗೂ ಅಕೀನ ನೆನಪಾದ್ಲು. ನಮ್ಮ ಅಂಗಳದಾಗ ಕಾಯಿ ಬಿಡಸ್ತಿದ್ಲು, ಮನ್ಯಾಗ ಬೀಡಿ ಸುತ್ತತಿದ್ಲು. ಎರಡೂ ಗೊತ್ತಿದ್ದಾಕಿ ಅಕಿ. ಸಿಟ್ಟಿಲೆ ಬರದು ಕಳಿಸ್ಯಾಳ."

"ಆ ಹೆಣಮಗಳು ಚೆನ್ನೈಗೆ ಪತ್ರಾ ಬರದ್ಲು, ಹೌದಲ್ಲ? ನಿಮ್ಮ ತಲಿ ನೆಟ್ಟಗೈತೇನ್ರಿ?" ನಂದಾ ರೊಟ್ಟಿಯನ್ನು ಹಂಚಿಗೆ ಹಾಕಿ ಅವನ ಕಡೆ ತಿರುಗಿದಳು. "ಸಿಟ್ಟು ಅಂದ್ರಿ. ಯಾಕ ಸಿಟ್ಟು ಬಂದಿರತೈತಿ ಅದನ್ನೂ ಹೇಳ್ರಲ್ಲ. ಅವತ್ತ ಅಷ್ಟೂ ಮಂದಿ ಮುಂದ ಅಕೀಗೆ ಏನ ಅಂದ್ರಿ? ನಾನೂ ಬಾಜೂಕ ನಿಂತಿದ್ದೆ, ಒಂದ ಮಾತ ಆಡಲಿಲ್ಲ. ನೆನಸಿದ್ರ ನನಗ ಇವತ್ತಿಗೂ ಊಟಾ ಸೇರೂದಿಲ್ಲ."

ಮಡಿವಾಳೆಪ್ಪ ಹೊರಗೆ ಹೋದ. ಆದರೆ ಆ ತಲೆಯೊಳಗೆ ಹೊಕ್ಕ ಹುಳ ಹಾಗೆ ಹೊರಗೆ ಬರುವಂಥದ್ದಲ್ಲ. ಶರೀಫಾಬಿ ಈಗ ಮಿಶ್ರಿಕೋಟಿಯಲ್ಲಿ ಮಗಳು ಶಹನಾಜಳ ಮನೆಯಲ್ಲಿ ಇದ್ದಾಳೆಂದು ಗೊತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಗಾಡಿ ಹತ್ತಿದ. ಅವಳ ಬಾಯಿಯಿಂದಲೇ ಹೊರಡಿಸಬೇಕು, ಹೊರಟದ್ದು ದಾಖಲಾಗಬೇಕು ಎಂದು ಓಣಿಯ ತಿರುವಿನಲ್ಲಿ ನಿಂತು ಮೊಬೈಲಿನ ರೆಕಾರ್ಡಿಂಗ್ ಒತ್ತಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ ಕೂಡ.

ಶರೀಫಾಬಿ ಬಾಗಿಲ ಬಳಿಯ ಬೆಳಕಿನಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಒದ್ದೆ ಗೋಣಿತಟ್ಟಿನೊಳಗೆ ಎಲೆಯ ಕಟ್ಟು. ತಲೆ ಎತ್ತಿ ನೋಡಿದಳು. ಮುಖದಲ್ಲಿ ಹೆದರಿಕೆಯೂ ಇಲ್ಲ, ಸಂತೋಷವೂ ಇಲ್ಲ.

"ಬರ್ರಿ ಮಾಲಕ್ರ. ಕೂಡ್ರಿ. ಆ ಫೋನ ಹೊರಗ ತಗದ ನೆಲದ ಮ್ಯಾಲ ಇಡ್ರಿ. ಕಿಸೇದಾಗ ಕೆಂಪ ದೀಪಾ ಕಾಣಾಕತ್ತೈತಿ."

ಮಡಿವಾಳೆಪ್ಪ ತಡವರಿಸುತ್ತ ಫೋನು ತೆಗೆದು ಆರಿಸಿ ನೆಲದ ಮೇಲಿಟ್ಟ. ನಾಚಿಕೆಯಾದರೂ ಜಗ್ಗಲಿಲ್ಲ. "ನೀ ಯಾರಿಗಾರ ಹೇಳೀಯೇನ ಶರೀಫಾ? ಗೋಣಿತಟ್ಟಿನ ಸುದ್ದಿ?"

ಅವಳು ನಕ್ಕಳು. ಒಳ್ಳೆಯ ನಗು ಅಲ್ಲ ಅದು. "ಹೇಳತಾರೇನ್ರಿ ಯಾರಾರ? ಕಾಯಿಗೆ ನೀರ ಮುಟ್ಟಸ್ತಿದ್ದೆ ಅಂತ ನಾನ ನನ್ನ ಬಾಯಿಲೆ ಹೇಳಕೋತ ಅಡ್ಡಾಡ್ಲಿ? ನೀವು ಹೇಳಿದ್ದ ಸಾಕಾಗಿತ್ತು. ಸಂಶ್ಯಾಗ ಒಬ್ರು ಕೆಲಸಾ ಕೊಡಲಿಲ್ಲ. ಕುಂದಗೋಳಕ ಹ್ವಾದೆ, ಅಲ್ಲಿಗೂ ನನಕಿಂತ ಮೊದಲ ಸುದ್ದಿ ಹೋಗಿತ್ತು. ನೀರ ಹೊಡಿಯೂ ಶರೀಫಾ ಅಂದ್ರು. ಮಗಳ ಮನಿಗೆ ಬಂದ ಬಿದ್ದೇನಿ."

"ಮತ್ತ ನೀ ಯಾಕ ಮಾಡಿದಿ?"

ಐದು ವರ್ಷದಲ್ಲಿ ಈ ಪ್ರಶ್ನೆ ಅವನು ಮೊದಲ ಸಲ ಕೇಳಿದ್ದು. ಕೇಳಿದ ಮೇಲೆ ಅವನಿಗೇ ಅದು ಗೊತ್ತಾಯಿತು, ನಾಲಿಗೆ ಕಚ್ಚಿಕೊಂಡ.

"ಮಧ್ಯಾಹ್ನ ಆದ್ರ ಕಾಯಿ ಪುಡಿ ಆಕ್ಕಿದ್ವು. ಪುಡಿ ಆದ್ರ ನೀವು ಬೈತಿದ್ರಿ. ಬೀಡಿ ಎಲೀನೂ ಹಂಗ, ಒಣಗಿದ್ರ ಹರೀತೈತಿ, ಒದ್ದಿ ತಟ್ಟಿನ್ಯಾಗ ಇಟ್ರ ಬಾಗತೈತಿ. ಕಾಯೀನೂ ಹಂಗ ಬಾಗಬಹುದಲ್ಲ ಅಂತ ತಲ್ಯಾಗ ಬಂತು. ಬಂದಮ್ಯಾಲ ಎರಡು ಸುಗ್ಗಿ ಧೈರ್ಯಾ ಆಗಲಿಲ್ಲ ನನಗ. ನೀರು ಅಂದ್ರ ಕಳವು ಅಂತ ನನಗೂ ಗೊತ್ತೈತ್ರಿ. ಕಡೀಕ ಒಂದು ಮೂಲ್ಯಾಗ ನನ್ನ ಪಾಲಿನ ಕಾಯಿ ರಾಶಿ ಮ್ಯಾಲ ಅಷ್ಟ ತಟ್ಟು ಹೊದಿಸಿ, ತೊಟ್ಟು ತಗದು, ಮತ್ತ ಬಿಸಲಿಗೆ ಹರವಿ ಒಣಗಿಸಿ ಕೊಡತಿದ್ದೆ. ನಿಮ್ಮ ತಕ್ಕಡಿಗೆ ಒಂದ ಹನಿ ನೀರ ಬಂದಿಲ್ಲ." ಅವಳ ಬೆರಳು ಅಷ್ಟೂ ಹೊತ್ತು ಎಲೆ ಸುತ್ತುತ್ತಲೇ ಇತ್ತು, ಈಗ ನಿಂತಿತು. "ಒಂದ ತಿಂಗಳಿಗೆ ನೀವು ನೋಡಿದ್ರಿ. ಕಳ್ಳಿ ಅಂದ್ರಿ. ಕಂಡುಹಿಡದೆ, ಕಂಡುಹಿಡದೆ ಅಂತ ಅಂಗಳದಾಗ ಕುಣದಾಡಿದ್ರಿ."

ನಡೆದದ್ದು ಅದೇ. ಅಂದು ಅವಳನ್ನು ಹೊರಗೆ ಹಾಕಿದ ಮೇಲೆ, ಸಂಜೆ ಆ ಮೂಲೆಯ ಕುಪ್ಪೆಯಿಂದ ಒಂದು ಕಾಯಿ ಎತ್ತಿ ಮಡಿವಾಳೆಪ್ಪ ಸುಮ್ಮನೆ ತೊಟ್ಟು ಎಳೆದಿದ್ದ. ಪಟಕ್ಕನೆ ಟೋಪಿ ಸಮೇತ ಬಂತು, ಕಾಯಿಗೆ ಒಂದು ಗೀರೂ ಇಲ್ಲ. ಇನ್ನೊಂದು ಎಳೆದ, ಮತ್ತೊಂದು ಎಳೆದ. ವಾರದೊಳಗೆ ಕಬ್ಬಿಣ ತಂದು ಕೂತ. ಡ್ರಮ್ಮಿನ ವೇಗ, ರಬ್ಬರಿನ ಗಡಸು, ಬಿಸಿಗಾಳಿ, ಎಲ್ಲ ಅವನದೇ ದುಡಿತ, ಇಲ್ಲ ಎನ್ನುವವರು ಯಾರು? ಆದರೆ ಗೋಣಿತಟ್ಟನ್ನು ಯಾರು ಒದ್ದೆ ಮಾಡಿದರು ಎಂಬುದನ್ನು ಮಾತ್ರ ಅವನು ವರ್ಷದಿಂದ ವರ್ಷಕ್ಕೆ ಒರೆಸುತ್ತ ಒರೆಸುತ್ತ, ಕೊನೆಗೆ ಅದು ತಾನೇ ಒದ್ದೆಯಾಗಿತ್ತು ಎಂಬಲ್ಲಿಗೆ ತಂದು ನಿಲ್ಲಿಸಿಕೊಂಡಿದ್ದ. ಪಕ್ಕಾ ಕಳ್ಳನಿಗೂ ಇಷ್ಟು ನಾಜೂಕು ಬರುವುದಿಲ್ಲ.

"ನೀವು ನನ್ನ ಕಳವು ಕಂಡುಹಿಡದ್ರಿ ಮಾಲಕ್ರ" ಎಂದಳು ಶರೀಫಾಬಿ. "ಮಶೀನ ಅಲ್ಲ."

ಅವನು ಪೇಟೆಂಟಿನ ತಕರಾರು, ವಿಚಾರಣೆ ಎಲ್ಲ ಹೇಳಿದ. ಒಂದು ಕಾಗದದ ಮೇಲೆ ಸಹಿ ಹಾಕಿಕೊಟ್ಟರೆ ಸಾಕು, ಈ ಕಡೆ ಕಾಯಿಗೆ ಯಾರೂ ನೀರು ಮುಟ್ಟಿಸುವುದಿಲ್ಲ ಎಂದು, ಅಷ್ಟೇ, ಎಂದ.

"ಸಹಿ ಹಾಕೂದಿಲ್ಲ. ನಿಮ್ಮ ಕಾಗದದಾಗ ಏನ ಬರದಿರತೀರೋ ಯಾರಿಗೆ ಗೊತ್ತು? ನಿಮ್ಮ ಮ್ಯಾಲ ನನಗ ನಂಬಿಗಿ ಇಲ್ಲ." ಅವಳು ಮತ್ತೆ ಎಲೆ ಎತ್ತಿಕೊಂಡಳು. "ನಾನ ಬರತೇನಿ. ಬಂದ ಕುಂದರತೇನಿ. ಆದದ್ದ ಆದಂಗ ನೀವ ಹೇಳ್ರಿ, ನಾ ಕೇಳತೇನಿ. ಸುಳ್ಳ ಹೇಳಿದ್ರ ಅಲ್ಲೇ ಎದ್ದ ನಿಂತು ಮಾತಾಡತೇನಿ."

ಅಲ್ಲಿಂದ ಮಡಿವಾಳೆಪ್ಪ ನೇರ ಹೇಮಂತನ ಆಫೀಸಿಗೆ ಹೋದ. ಹುಡುಗ ಎಲ್ಲ ಕೇಳಿ ಚೆನ್ನೈ ಪತ್ರವನ್ನು ಮತ್ತೆ ಮುಂದೆ ಎಳೆದುಕೊಂಡ.

"ಕಾಕಾ, ಇದಕಿಂತ ದೊಡ್ಡ ಪುರಾವೆ ಸಿಗೂದಿಲ್ಲ. ಕಸಬಿನ ಮನಷ್ಯಾ ಕಣ್ಣಿಲೆ ನೋಡಿ ಕಳವು ಅಂದ ಅಂದ್ರ, ಅದು ಸಹಜ ಹೊಳಿಯೂವಂಥಾದ್ದು ಹೆಂಗ ಆದೀತು? ಆದ್ರ ಇದನ್ನ ಹೇಳಿದ್ರ, ಕಂಡುಹಿಡಿದವರು ಅನ್ನೂ ಜಾಗಾದಾಗ ಅಕೀ ಹೆಸರ ಮೊದಲ ಬರಬೇಕು. ಅದಕ್ಕ ಬ್ಯಾರೆ ಅರ್ಜಿ ಹಾಕಬೇಕು, ಅಂಥಾ ವಿಚಾರ ಮೊದಲ ಮಾಡಿದಾಕಿ ಅಕಿ ಅಂತ ನೀವ ಒಪ್ಪಿ ಸಹಿ ಮಾಡಬೇಕು. ಇಲ್ಲಾ ನನಗ ಹೊಳೀತು ಅಂತ ಅಷ್ಟ ಹೇಳತೀನಿ ಅಂದ್ರ, ಆ ಕೇಸಿಗೆ ನಾ ಕುಂದ್ರೂದಿಲ್ಲ, ಬ್ಯಾರೆದಾವ್ರನ್ನ ನೋಡಕೋರಿ."

ಹನ್ನೊಂದು ದಿನ ಮಡಿವಾಳೆಪ್ಪ ನಾಯಿ ಹೊಕ್ಕ ಮನೆಯ ಹಾಗೆ ಒಳಗೆಲ್ಲ ಚೆಲ್ಲಾಪಿಲ್ಲಿಯಾಗಿ ತಿರುಗಿದ. ಹೇಮಂತ ಅವಳ ಕಡೆ ಸೇರಿದನೇನೋ ಎಂದು ಒಮ್ಮೆ ಅನಿಸಿತು. ನಂದಾಳೇ ಅವಳಿಗೆ ಹೇಳಿಕೊಟ್ಟಿರಬೇಕು ಎಂದು ಒಮ್ಮೆ. ಹೆಸರು ಹೋದರೆ ಮಶೀನೂ ಹೋಯಿತು ಎಂದು ಮೈ ಪರಚಿಕೊಂಡ. ಎಲ್ಲರನ್ನೂ ಸಂಶಯಪಟ್ಟು ಮುಗಿಸಿದ ಮೇಲೆ ಉಳಿದವನು ತಾನೊಬ್ಬನೇ, ತನ್ನ ಮೇಲೆ ಮಾತ್ರ ಐದು ವರ್ಷ ಅವನಿಗೆ ಸಂಶಯವೇ ಬಂದಿರಲಿಲ್ಲ.

ವಿಚಾರಣೆ ನಡೆದದ್ದು ಹೇಮಂತನ ಆಫೀಸಿನ ಕಂಪ್ಯೂಟರಿನಲ್ಲಿ. ಪರದೆಯ ಮೇಲೆ ಚೆನ್ನೈ ಕಚೇರಿಯ ಅಧಿಕಾರಿ, ಮೈಸೂರು ಕಡೆಯ ಕನ್ನಡದ ಹೆಣ್ಣುಮಗಳು. ಮಡಿವಾಳೆಪ್ಪ ಮುಂದೆ, ಹಿಂದಿನ ಗೋಡೆಗೆ ಶರೀಫಾಬಿ. ಅವಳು ಉಸಿರಾಡುವುದು ಕೂಡ ಅವನ ಬೆನ್ನಿಗೆ ಕೇಳಿಸುತ್ತಿತ್ತು. ಹೇಮಂತ ಕಾಯಿಗೆ ನೀರು ಮುಟ್ಟಿಸದ ವಿಷಯ ವಿವರಿಸಿದ.

"ಸರಿ" ಎಂದರು ಅಧಿಕಾರಿ. "ಹಾಗಾದರೆ ನಿಮಗೆ ಹೇಗೆ ಹೊಳೆಯಿತು, ಮಡಿವಾಳೆಪ್ಪನವರೇ?"

ಒಂದೇ ಮಾತು, ಹಂಗ ಹೊಳೀತು ಎಂದರೆ ಮುಗಿಯುತ್ತಿತ್ತು. ಅದು ತುಟಿಯವರೆಗೆ ಬಂದಿತ್ತು ಕೂಡ.

"ನನಗ ಹೊಳೀಲಿಲ್ರಿ ಮೇಡಂ. ನಮ್ಮ ಅಂಗಳದಾಗ ಕೆಲಸಾ ಮಾಡೂ ಹೆಣಮಗಳಿಗೆ ಹೊಳೀತು. ಆಕಿ ಮನ್ಯಾಗ ಬೀಡಿ ಸುತ್ತತಿದ್ಲು."

ಹೇಮಂತ ಉಸಿರು ಬಿಟ್ಟ. ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ನೋಡಿ, ಇದು ನಿಮಗೇ ತಿರುಗಿಬೀಳುತ್ತದೆ. ಎರಡೂ ಕೆಲಸ ಗೊತ್ತಿದ್ದವರಿಗೆ ಅದು ಹೊಳೆಯಿತು ಅಂದರೆ, ಅದು ಸಹಜವಾಗಿ ಹೊಳೆಯುವಂಥದ್ದೇ ಅಂತ ಆಗಲಿಲ್ಲವೇ?"

ಇದಕ್ಕೆ ಹೇಮಂತ ಬಾಯಿ ತೆರೆಯುವಷ್ಟರಲ್ಲಿ ಮಡಿವಾಳೆಪ್ಪನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಅವನಿಗೂ ತಿಳಿಯಲಿಲ್ಲ.

"ಹೆಂಗ ಸಹಜ ಆಕ್ಕೈತ್ರಿ? ನಮ್ಮ ಅಂಗಳದಾಗ ಹದಿನೆಂಟು ಮಂದಿ ಇದ್ರು. ಅದರಾಗ ಏಳು ಮಂದಿ ಬೀಡಿ ಸುತ್ತಾವ್ರು. ಏಳೂ ಮಂದಿ ದಿನಾ ಮನ್ಯಾಗ ಎಲಿ ಒದ್ದಿ ಮಾಡಾವ್ರು, ನಮ್ಮಲ್ಲೆ ಬಂದು ಒಣಾ ಕಾಯಿ ಮುರಕೊಂಡು ಬೈಸಿಕೊಳ್ಳಾವ್ರು. ಆರು ಮಂದಿ ಯಾಕ ಮಾಡಲಿಲ್ಲ? ಈಕೀಗೂ ಎರಡು ಸುಗ್ಗಿ ಧೈರ್ಯಾ ಆಗಲಿಲ್ಲ. ಮಾಡಿದಮ್ಯಾಲ ನಾ ನೋಡಿದೆ. ಮೂವತ್ತು ವರ್ಷದಿಂದ ಮೆಣಸಿನಕಾಯಿ ಕಸಬಿನಾಂವ ನಾನು, ಶೇಂಗಾ ಡ್ರಮ್ಮೂ ನಾನ ರಿಪೇರಿ ಮಾಡತಿದ್ದೆ. ತಟ್ಟು ಕಣ್ಣ ಮುಂದ, ಡ್ರಮ್ಮು ಶೆಡ್ಡಿನ್ಯಾಗ. ನನಗ ಏನ ಹೊಳೀತು ಗೊತ್ತೇನ್ರಿ? ಕಳ್ಳಿ ಅಂದೆ. ತೂಕಕ್ಕ ನೀರ ಹೊಡದಿ ಅಂದೆ. ಕೈ ಹಿಡದು ಹೊರಗ ಹಾಕಿದೆ. ಹದಿನೇಳು ಮಂದೀನೂ ಹೌದ ಅಂದ್ರು. ಯಾಕ ಮಾಡಿದಿ ಅಂತ ಒಬ್ರಾರ ಕೇಳಬೇಕಲ್ಲ? ನನ್ನ ಹೇಣ್ತಿ ಸೈತ ಕೇಳಲಿಲ್ಲ."

ಅಧಿಕಾರಿ ಬರೆದುಕೊಂಡರು. ಬಹಳ ಹೊತ್ತು ಬರೆದರು. ಹಿಂದೆ ಗೋಡೆಯ ಕಡೆಯಿಂದ ಯಾವ ಸದ್ದೂ ಇಲ್ಲ. ತಿರುಗಿ ನೋಡುವ ಧೈರ್ಯ ಮಡಿವಾಳೆಪ್ಪನಿಗೆ ಇರಲಿಲ್ಲ.

"ಆದರೆ ಅರ್ಜಿಯಲ್ಲಿ ಕಂಡುಹಿಡಿದವರು ಎಂದು ನಿಮ್ಮ ಹೆಸರು ಮಾತ್ರ ಇದೆಯಲ್ಲ?"

"ಹೌದ್ರಿ. ಕಳವು ಅಲ್ಲೇ ಆಗೈತ್ರಿ ಮೇಡಂ" ಎಂದ ಮಡಿವಾಳೆಪ್ಪ. "ಕಾಯ್ಯಾಗ ಆಗಿಲ್ಲ."

ಹೆಸರು ಸೇರಿಸುವ ಅರ್ಜಿ ಸಿದ್ಧವಿದೆ ಎಂದು ಹೇಮಂತ ಗಡಬಡಿಸಿ ಹೇಳಿದ. ತಕರಾರಿನ ಮೇಲಿನ ಆದೇಶ ಆಮೇಲೆ ಬರುತ್ತದೆ, ಅದರ ಬಗ್ಗೆ ಈಗ ಏನೂ ಹೇಳಲಾರೆ ಎಂದರು ಅಧಿಕಾರಿ. "ಸದ್ಯಕ್ಕೆ ಆ ಹೆಣ್ಣುಮಗಳ ಪೂರ್ತಿ ಹೆಸರು ಹೇಳಿ, ದಾಖಲೆಗೆ ಬರೆದುಕೊಳ್ಳುತ್ತೇನೆ."

ಮಡಿವಾಳೆಪ್ಪ ಬಾಯಿ ತೆರೆದ. ಶರೀಫಾ ಎಂಬಲ್ಲಿಗೆ ನಿಂತಿತು. ಎಂಟು ಸುಗ್ಗಿ ಅವಳು ಅವನ ಅಂಗಳದಲ್ಲಿ ಕೂತು ಕಾಯಿ ಬಿಡಿಸಿದ್ದಳು. ಏ ಶರೀಫಾ ಎಂದು ದಿನಕ್ಕೆ ಇಪ್ಪತ್ತು ಸಲ ಕೂಗಿದ್ದ. ಮುಂದಿನ ಹೆಸರು ಅವನಿಗೆ ಗೊತ್ತೇ ಇರಲಿಲ್ಲ. ಎದ್ದು, ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟು, ಗೋಡೆಯ ಪಕ್ಕಕ್ಕೆ ಹೋಗಿ ನಿಂತ.

ಶರೀಫಾಬಿ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಪರದೆಗೆ ಮುಖ ಕೊಟ್ಟಳು.

"ಶರೀಫಾಬಿ ಹಜರೇಸಾಬ ನದಾಫ. ಬರಕೋರಿ."

ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದರು ಅಧಿಕಾರಿ. ಅವಳು ಇನ್ನೊಮ್ಮೆ, ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು.